ಕೊಟ್ಟಿಗೆಯ ಪಕ್ಕದಲ್ಲಿ ಚಿಟ್ಟೆಗೆ ಹೂಗಿಡ: ಯಾವುದು ನೆಡಬಹುದು, ಯಾವುದು ಬೇಡ



ಸಂಘದ ಕಟ್ಟಡದ ಮುಂದೆ, ಮನೆಯಂಗಳದ ಅಂಚಿನಲ್ಲಿ, ಕೊಟ್ಟಿಗೆಗೆ ಹೋಗುವ ದಾರಿಯ ಬದಿಯಲ್ಲಿ ಎರಡು ಮೂರು ಅಡಿ ಎತ್ತರದ ಹೂಗಿಡಗಳ ಸಾಲೊಂದಿರಲಿ ಎಂಬ ಆಸೆ ಅನೇಕ ಸದಸ್ಯರಿಗಿದೆ. ಹೂವಿನ ಜೊತೆಗೆ ಚಿಟ್ಟೆಗಳೂ ಬಂದರೆ ಮನೆಮಕ್ಕಳಿಗೆ ಅದೇ ಹಬ್ಬ. ಆದರೆ ಹಸು ಸಾಕುವವರ ಅಂಗಳ ಪೇಟೆಯವರ ಅಂಗಳದಂತಲ್ಲ. ಹಗ್ಗ ಬಿಚ್ಚಿಕೊಂಡ ಕರು ಮೊದಲು ಬಾಯಿ ಹಾಕುವುದೇ ಹೂಗಿಡಕ್ಕೆ. ಚಿಟ್ಟೆಗೆ ಪ್ರಿಯವಾದ ಕೆಲವು ಗಿಡಗಳು ದನಕ್ಕೆ ವಿಷ. ಆದುದರಿಂದ ಗಿಡ ಬೆಳೆಸುವ ಕ್ರಮದಷ್ಟೇ ಗಿಡ ಆರಿಸುವ ಕ್ರಮವನ್ನೂ ನೀವು ತಿಳಿದಿರಬೇಕು.

ಒಂದು ವಿಷಯದಲ್ಲಿ ನಿಮಗೆ ಪೇಟೆಯವರಿಗಿಂತ ಅನುಕೂಲ ಹೆಚ್ಚು. ಗಂಜಲ ಹರಿದು ತೇವವಾದ ನೆಲದಲ್ಲಿ ಬಿಸಿಲೇರಿದ ಮೇಲೆ ಹತ್ತಾರು ಚಿಟ್ಟೆಗಳು ಸಾಲಾಗಿ ಕುಳಿತಿರುವುದನ್ನು ನೀವೆಲ್ಲ ನೋಡಿದ್ದೀರಿ. ಅವು ಅಲ್ಲಿ ಹೀರುವುದು ಉಪ್ಪಿನಂಶವನ್ನು. ಹೂವಿನ ಮಕರಂದದಲ್ಲಿ ಸಕ್ಕರೆ ಇದೆ, ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಹಾಗೆ ಕೂರುವವುಗಳಲ್ಲಿ ಬಹುಪಾಲು ಗಂಡು ಚಿಟ್ಟೆಗಳು. ಕೂಡುವಾಗ ಆ ಉಪ್ಪಿನಂಶವನ್ನು ಹೆಣ್ಣಿಗೆ ದಾಟಿಸುತ್ತವೆ. ನಾವು ಹಸುವಿಗೆ ಖನಿಜ ಮಿಶ್ರಣ ಕೊಟ್ಟಂತೆಯೇ ಅನ್ನಿ! ಅಂದರೆ ಚಿಟ್ಟೆ ನಿಮ್ಮ ಕೊಟ್ಟಿಗೆಯವರೆಗೆ ಆಗಲೇ ಬಂದಿದೆ. ಅದು ಅಲ್ಲೇ ನಿಲ್ಲುವಂತೆ ಹೂವು ಒದಗಿಸುವುದಷ್ಟೇ ಬಾಕಿ.

ನೆಡಬಹುದಾದ ಗಿಡಗಳು

ಮೊದಲನೆಯದು ಕೇಪಳ. ನರ್ಸರಿಗಳಲ್ಲಿ ಇದನ್ನು ಇಕ್ಸೋರಾ ಎನ್ನುತ್ತಾರೆ. ಇದರ ಗಿಡ್ಡ ತಳಿ ಎರಡು ಮೂರು ಅಡಿಗಿಂತ ಮೇಲೇರದೆ ಒತ್ತಾಗಿ ಬೆಳೆಯುತ್ತದೆ. ಗೊಂಚಲಿನ ಒಂದೊಂದು ಹೂವೂ ಸಣ್ಣ ಕೊಳವೆ. ಚಿಟ್ಟೆಯ ಉದ್ದ ನಾಲಿಗೆಗೆ ಹೇಳಿ ಮಾಡಿಸಿದಂತಿದೆ. ಕರಾವಳಿ, ಮಲೆನಾಡಿನ ಕೆಮ್ಮಣ್ಣಿನಲ್ಲಿ ಇದು ಯಾವ ಆರೈಕೆಯೂ ಇಲ್ಲದೆ ಬರುತ್ತದೆ. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಮಾತ್ರ ಕಬ್ಬಿಣದ ಕೊರತೆಯಾಗಿ ಎಲೆ ಹಳದಿಯಾಗುತ್ತದೆ. ಬಯಲುಸೀಮೆಯ ಅಂಥ ನೆಲದವರು ಕೇಪಳಕ್ಕಾಗಿ ಹಟ ಹಿಡಿಯದೆ ಪೆಂಟಾಸ್ ನೆಡುವುದು ಮೇಲು.

ಪೆಂಟಾಸ್ ಎರಡಡಿ ಎತ್ತರದ ಗಿಡ. ಕೆಂಪು, ಗುಲಾಬಿ, ಬಿಳಿ ಬಣ್ಣಗಳಲ್ಲಿ ಸಿಗುತ್ತದೆ. ವರ್ಷದ ಹೆಚ್ಚಿನ ಕಾಲ ಹೂ ಬಿಡುತ್ತದೆ, ಕಡ್ಡಿಯಿಂದ ಸುಲಭವಾಗಿ ಬೇರೂ ಬಿಡುತ್ತದೆ. ಒಬ್ಬರ ಮನೆಗೆ ಬಂದರೆ ಊರಿಗೆಲ್ಲ ಹಂಚಬಹುದು. ನಮ್ಮ ದಾಸವಾಳವನ್ನೂ ಮರೆಯಬೇಡಿ. ಆಗಾಗ ಸವರಿ ಗಿಡ್ಡವಾಗಿಟ್ಟರೆ ದೊಡ್ಡ ಕರಿಚಿಟ್ಟೆಗಳು ಅದನ್ನು ಹುಡುಕಿಕೊಂಡು ಬರುತ್ತವೆ. ಆದರೆ ಎಸಳು ಒಂದೇ ಸುತ್ತು ಇರುವ ದಾಸವಾಳವನ್ನೇ ಆರಿಸಿ. ಮುದ್ದೆ ಹೂವು ನೋಡಲು ಚೆಂದ, ಆದರೆ ಚಿಟ್ಟೆಗೆ ಒಳಗಿನ ಮಕರಂದ ಎಟುಕುವುದು ಕಷ್ಟ. ಈ ಮೂರು ಗಿಡಗಳಿಗೂ ಕರು ಬಾಯಿ ಹಾಕಿದರೆ ಗಿಡಕ್ಕೆ ನಷ್ಟವೇ ಹೊರತು ಕರುವಿಗಲ್ಲ.

ನೆಡಲು ಮುಂಗಾರು ಹಿಡಿದ ಮೇಲಿನ ಜೂನ್–ಜುಲೈ ಒಳ್ಳೆಯ ಕಾಲ. ಬೆರಳಷ್ಟು ಉದ್ದದ, ಪೂರ್ತಿ ಎಳೆಯದೂ ಪೂರ್ತಿ ಬಲಿತದ್ದೂ ಅಲ್ಲದ ಕಡ್ಡಿಯನ್ನು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆತ ಮಣ್ಣಿನಲ್ಲಿ ನೆರಳಿನಲ್ಲಿಡಿ. ಪೆಂಟಾಸ್ ಬೇಗ ಬೇರು ಬಿಡುತ್ತದೆ. ಕೇಪಳಕ್ಕೆ ತಾಳ್ಮೆ ಬೇಕು. ನಂತರ ಒಂದಡಿ ಗುಂಡಿ ತೋಡಿ, ಒಂದೂವರೆಯಿಂದ ಎರಡಡಿ ಅಂತರದಲ್ಲಿ ನೆಡಿ. ಗುಂಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೇ ಹಾಕಿ. ಸಗಣಿ ಕೈಗೆ ಸಿಗುತ್ತದೆಂದು ಹಸಿಯದನ್ನೇ ಬುಡಕ್ಕೆ ಸುರಿಯುವವರಿದ್ದಾರೆ. ಅದರ ಕಾವಿಗೆ ಬೇರು ಸುಡುತ್ತದೆ, ಗೆದ್ದಲೂ ಬರುತ್ತದೆ. ಗೋಬರ್ ಗ್ಯಾಸಿನ ಬಗ್ಗಡವಾದರೆ ನೀರು ಬೆರೆಸಿ ತೆಳ್ಳಗೆ ಮಾಡಿ, ಅದೂ ಅಪರೂಪಕ್ಕೆ. ಗೊಬ್ಬರ ಅತಿಯಾದರೆ ಎಲೆ ಸೊಂಪಾಗಿ ಹೂ ಕಡಿಮೆಯಾಗುತ್ತದೆ.

ಜಾಗಕ್ಕೆ ದಿನಕ್ಕೆ ಐದಾರು ಗಂಟೆಯಾದರೂ ಬಿಸಿಲು ಬೀಳಬೇಕು. ಚಿಟ್ಟೆಯ ಮೈ ಬಿಸಿಲಿಗೆ ಕಾದ ಮೇಲೆಯೇ ಅದು ಸಲೀಸಾಗಿ ಹಾರುವುದು. ಗಾಳಿಯ ಹೊಡೆತ ತಪ್ಪಿಸಲು ಒಂದು ಪಕ್ಕ ಗೋಡೆಯೋ ನೇಪಿಯರ್ ಹುಲ್ಲಿನ ಸಾಲೋ ಇದ್ದರೆ ಉತ್ತಮ. ಅಲ್ಲೊಂದು ಇಲ್ಲೊಂದು ನೆಡುವ ಬದಲು ಒಂದೇ ಬಣ್ಣದ ನಾಲ್ಕೈದು ಗಿಡಗಳನ್ನು ಒಟ್ಟಿಗೆ ನೆಡಿ; ದೂರದಿಂದ ಕಾಣುವುದು ಆ ಬಣ್ಣದ ರಾಶಿಯೇ. ಹೊಸ ಚಿಗುರಿನ ತುದಿಯಲ್ಲಿ ಹೂ ಬರುವುದರಿಂದ ಒಂದು ಸುತ್ತು ಹೂ ಮುಗಿದೊಡನೆ ತುದಿ ಸವರಿದರೆ ಗಿಡವೂ ಒತ್ತಾಗುತ್ತದೆ, ಹೂವೂ ಹೆಚ್ಚುತ್ತದೆ.

ಹುಳುವಿಗೂ ಎಲೆ ಬೇಕು

ಹೂವಿದ್ದರೆ ಚಿಟ್ಟೆ ಬಂದು ಹೋಗುತ್ತದೆ. ಮೊಟ್ಟೆಯಿಟ್ಟು ಸಂಸಾರ ಹೂಡಬೇಕಾದರೆ ಮರಿಹುಳು ತಿನ್ನುವ ಎಲೆ ಬೇಕು. ನಿಮ್ಮ ಹಿತ್ತಲಿನ ಕರಿಬೇವು, ನಿಂಬೆ ಗಿಡದಲ್ಲಿ ಹಕ್ಕಿ ಹಿಕ್ಕೆಯಂತೆ ಕಾಣುವ ಹುಳುವನ್ನು ಕಂಡಿದ್ದೀರಲ್ಲ? ಬಲಿತ ಮೇಲೆ ಅದು ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬಿನಂಥದ್ದನ್ನು ಹೊರಚಾಚಿ ಘಾಟು ಬಿಡುತ್ತದೆ. ಮಕ್ಕಳಿಗೆ ತೋರಿಸಿ. ಕೊಲ್ಲಬೇಡಿ, ಬೆಳೆದ ಕರಿಬೇವಿನ ಗಿಡ ನಾಲ್ಕು ಹುಳುವಿಗೆ ಸೊರಗುವುದಿಲ್ಲ. ಮೇವಿಗೆಂದು ನೆಟ್ಟ ಅಗಸೆ ಮರದ ಎಲೆಯಲ್ಲಿ ಚಿಕ್ಕ ಹಳದಿ ಚಿಟ್ಟೆ ಮೊಟ್ಟೆಯಿಡುತ್ತದೆ. ಅದಕ್ಕಾಗಿ ನೀವು ಬೇರೇನೂ ಮಾಡಬೇಕಿಲ್ಲ.

ನೆಡಬಾರದ ಗಿಡಗಳು

ಇಲ್ಲಿ ಮಾತ್ರ ದಯವಿಟ್ಟು ಗಮನವಿಟ್ಟು ಓದಿ. ಚಿಟ್ಟೆಗಳಿಗೆ ಬಹಳ ಇಷ್ಟವಾದ ಹೂವುಗಳಲ್ಲೊಂದು ಲಂಟಾನ, ಅಂದರೆ ಚದುರಂಗಿ. ಅಮೆರಿಕ ಖಂಡದ ಉಷ್ಣವಲಯದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದರು. ಇಂದು ಅದು ನಮ್ಮ ಕಾಡು, ಗೋಮಾಳಗಳನ್ನೆಲ್ಲ ತಿಂದುಹಾಕಿದೆ. ಇದರ ಎಲೆಯ ವಿಷ ದನದ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಹಸು ಮೇವು ಬಿಡುತ್ತದೆ, ಮೆಲುಕು ಹಾಕುವುದಿಲ್ಲ, ಸಗಣಿ ಗಟ್ಟಿಯಾಗುತ್ತದೆ, ಕಣ್ಣು ಹಳದಿಯಾಗುತ್ತದೆ. ಬಿಸಿಲಿಗೆ ಬಿಟ್ಟರೆ ಮುಸುಡಿಯ ಹಾಗೂ ಮೈಮೇಲಿನ ಬಿಳಿ ಭಾಗದ ಚರ್ಮ ಊದಿ, ಬಿರಿದು, ಸುಲಿಯುತ್ತದೆ. ಕಪ್ಪು ಬಿಳುಪಿನ ಎಚ್.ಎಫ್. ಮಿಶ್ರತಳಿ ಹಸುಗಳಲ್ಲಿ ಬಿಳಿ ಮಚ್ಚೆಗಳಲ್ಲಷ್ಟೇ ಇದು ಕಾಣುವುದುಂಟು. ಇಂಥ ಹಸುವನ್ನು ಕೂಡಲೇ ನೆರಳಿಗೆ ಕಟ್ಟಿ ಪಶುವೈದ್ಯರನ್ನು ಕರೆಸಿ. ತಿಂದದ್ದು ಹೊಟ್ಟೆಯಲ್ಲಿ ಉಳಿದು ವಿಷ ಬಿಡುತ್ತಲೇ ಇರುವುದರಿಂದ “ನಾಳೆ ನೋಡೋಣ” ಎನ್ನುವಂತಿಲ್ಲ.

ಊರಿನ ದನ ಸಾಮಾನ್ಯವಾಗಿ ಲಂಟಾನವನ್ನು ಮೂಸಿ ಬಿಡುತ್ತದೆ. ಅಪಾಯವಿರುವುದು ಬರಗಾಲದಲ್ಲಿ, ಮತ್ತು ಹೊರಗಿನಿಂದ ಕೊಂಡು ತಂದ, ಆ ಗಿಡದ ಪರಿಚಯವಿಲ್ಲದ ಹಸುಗಳಿಗೆ. ನರ್ಸರಿಯಲ್ಲಿ ಬಣ್ಣಬಣ್ಣದ ಗಿಡ್ಡ ಲಂಟಾನ ಮಾರುತ್ತಾರೆ. ಇದರಲ್ಲಿ ವಿಷವಿಲ್ಲವೆಂದು ಹೇಳಿದರೂ ಕೊಟ್ಟಿಗೆ ಇರುವ ಮನೆಗೆ ತರಬೇಡಿ.

ಕಣಗಿಲೆ ಇನ್ನೂ ಕ್ರೂರ. ಕಂದು ಬಣ್ಣದ, ರೆಕ್ಕೆಯಂಚಿನಲ್ಲಿ ಬಿಳಿ ಚುಕ್ಕೆಯ ಚಿಟ್ಟೆ ಇದರ ಎಲೆಯಲ್ಲಿ ಮೊಟ್ಟೆಯಿಡುತ್ತದೆ. ಕನ್ನಡಿಯಂತೆ ಹೊಳೆಯುವ ಅದರ ಕೋಶ ಎಲೆಯಡಿ ತೂಗುವುದನ್ನು ನೋಡುವುದೇ ಸೊಗಸು. ಆದರೆ ಈ ಗಿಡದ ಕೆಲವೇ ಎಲೆ ಹಸುವಿನ ಹೃದಯವನ್ನು ನಿಲ್ಲಿಸಬಲ್ಲವು. ಒಣಗಿದರೂ ವಿಷ ಹೋಗುವುದಿಲ್ಲ. ದೇವರ ಪೂಜೆಗೆಂದು ಕಣಗಿಲೆ ಇದ್ದೇ ಇರುವ ಮನೆಗಳಲ್ಲಿ ಸವರಿದ ಕಡ್ಡಿ, ಎಲೆ, ಬಾಡಿದ ಹಾರ ಯಾವುದೂ ಗೋದಲಿಗಾಗಲಿ ಗೊಬ್ಬರದ ಗುಂಡಿಯ ಮೇಲಾಗಲಿ ಬೀಳಬಾರದು, ಆಳವಾಗಿ ಹೂಳಿಬಿಡಿ. ಸುಡಬೇಡಿ, ಹೊಗೆಯೂ ಕೆಟ್ಟದ್ದು. ಹಳದಿ ಹೂವಿನ ಕಣಗಿಲೆಗೂ ಇದೇ ಮಾತು.

ಕೊನೆಗೆ ಸಿಂಪಡಣೆಯ ವಿಚಾರ. ಉಣ್ಣೆಗೆಂದು ಕೊಟ್ಟಿಗೆಗೆ ಹೊಡೆಯುವ ಔಷಧಿ ಗಾಳಿಯಲ್ಲಿ ತೂರಿ ಹೂಗಿಡದ ಮೇಲೆ ಬಿದ್ದರೆ ಚಿಟ್ಟೆಯೂ ಉಳಿಯದು, ಹುಳುವೂ ಉಳಿಯದು. ಗಾಳಿಯಿಲ್ಲದ ಹೊತ್ತು ನೋಡಿ, ಗೋಡೆಯ ಬಿರುಕಿಗೇ ಹಿಡಿದು ಹೊಡೆಯಿರಿ. ಹೂಗಿಡಕ್ಕೆ ಕೀಟನಾಶಕ ಬೇಡವೇ ಬೇಡ. ಬೇವಿನೆಣ್ಣೆಯೂ ಮರಿಹುಳುವನ್ನು ಕೊಲ್ಲುತ್ತದೆ. ಅಕಸ್ಮಾತ್ ಯಾರಾದರೂ ಗಿಡಕ್ಕೆ ಔಷಧಿ ಹೊಡೆದಿದ್ದರೆ ಅದರ ಬುಡದಲ್ಲಿ ಕೊಯ್ದ ಹುಲ್ಲನ್ನು ಹಸುವಿಗೆ ಹಾಕಬೇಡಿ. ಅದರ ಅಂಶ ಹಾಲಿಗೂ ಇಳಿಯುತ್ತದೆ.