ಅಡಮಾನದ ಮನೆಯಲ್ಲಿ ಬಾಡಿಗೆದಾರ: ತಾರೀಖು ಮತ್ತು ಕಾಗದದ ಲೆಕ್ಕ

ಬಾಡಿಗೆ ಮನೆಗೆ ಮುಂಗಡ ಕೊಡುವ ವ್ಯಕ್ತಿ ಆ ಕ್ಷಣದಿಂದ ಮನೆಯ ಮಾಲೀಕನಿಗೆ ಸಾಲ ಕೊಟ್ಟವನೂ ಆಗುತ್ತಾನೆ. ಆದರೆ ಸಾಲ ಕೊಡುವವರು ವಾಡಿಕೆಯಾಗಿ ಕೇಳುವ ಒಂದು ಪ್ರಶ್ನೆಯನ್ನೂ ಅವನು ಕೇಳುವುದಿಲ್ಲ. ಅದೇ ಮನೆಯ ಮೇಲೆ ಸಾಲ ಕೊಟ್ಟ ಬ್ಯಾಂಕು ಮಾಲೀಕನ ವರಮಾನ, ಹಕ್ಕುಪತ್ರ, ಹಳೆಯ ಋಣ ಎಲ್ಲವನ್ನೂ ವಕೀಲರಿಂದ ತನಿಖೆ ಮಾಡಿಸಿ ಮೂಲ ಪತ್ರಗಳನ್ನು ತನ್ನ ಕಪಾಟಿನಲ್ಲಿ ಇಟ್ಟುಕೊಂಡಿರುತ್ತದೆ. ಬಾಡಿಗೆದಾರನಾದರೋ ನೀರು ಎಷ್ಟು ಹೊತ್ತು ಬರುತ್ತದೆ, ಲಿಫ್ಟು ಇದೆಯೇ, ಗಾಡಿ ನಿಲ್ಲಿಸಲು ಜಾಗ ಸಿಗುತ್ತದೆಯೇ ಎಂದು ವಿಚಾರಿಸಿ ತೃಪ್ತನಾಗುತ್ತಾನೆ. ಮಾಲೀಕನು ಕಂತು ಕಟ್ಟುವುದನ್ನು ನಿಲ್ಲಿಸಿದ ದಿನ ಈ ಇಬ್ಬರು ಸಾಲದಾತರೂ ಒಂದೇ ಬಾಗಿಲಿನ ಮುಂದೆ ಎದುರುಬದುರಾಗುತ್ತಾರೆ, ಮತ್ತು ಆಗ ಕಾನೂನು ಇಬ್ಬರನ್ನೂ ಕೇಳುವುದು ಒಂದೇ ಮಾತು: ಯಾರ ಕಾಗದ ಯಾವ ತಾರೀಖಿನದು?

ಅಹಮದಾಬಾದಿನ ಉತ್ತರದ ಅಂಚಿನಲ್ಲಿ, ಗಾಂಧಿನಗರದ ಹೆದ್ದಾರಿಗೆ ಹೊಂದಿಕೊಂಡಿರುವ ಚಾಂದ್‌ಖೇಡಾ ಈ ಪ್ರಶ್ನೆಯನ್ನು ಇಟ್ಟು ನೋಡಲು ತಕ್ಕ ಊರು. ಒಎನ್‌ಜಿಸಿಯ ಕಚೇರಿ, ಗುಜರಾತ್ ತಾಂತ್ರಿಕ ವಿಶ್ವವಿದ್ಯಾಲಯ, ವಿಶ್ವಕರ್ಮ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇಲ್ಲಿಯೇ ಇರುವುದರಿಂದ ವರ್ಗಾವಣೆಯ ಮೇಲೆ ಬಂದ ನೌಕರರು, ಸಂಶೋಧಕರು, ವಿದ್ಯಾರ್ಥಿಗಳು ಎಂಬ ಬಾಡಿಗೆದಾರರ ಹರಿವು ಇಲ್ಲಿ ಬತ್ತುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ಮೊಟೇರಾದಿಂದ ಗಾಂಧಿನಗರದ ಕಡೆಗೆ ಮೆಟ್ರೋ ಓಡಲು ತೊಡಗಿದ ಮೇಲೆ ಈ ಭಾಗದ ಫ್ಲ್ಯಾಟುಗಳ ಮೇಲಿನ ಆಸೆ ಇನ್ನೂ ಬೆಳೆದಿದೆ. ಬ್ಯಾಂಕಿನ ಸಾಲದಲ್ಲಿ ಎರಡನೆಯ ಫ್ಲ್ಯಾಟು ಕೊಂಡು ಅದರ ಕಂತನ್ನು ಬಾಡಿಗೆಯಿಂದಲೇ ತೀರಿಸಿಬಿಡಬಹುದೆಂಬ ಲೆಕ್ಕಾಚಾರ ಇಂಥ ಬಡಾವಣೆಗಳಲ್ಲಿ ಸಹಜ. ಬಾಡಿಗೆ ಕಂತಿಗಿಂತ ಕಡಿಮೆ ಬಿದ್ದು ಮಾಲೀಕನ ವ್ಯಾಪಾರವೂ ಸೊರಗಿದರೆ ಆ ಲೆಕ್ಕ ತಪ್ಪುತ್ತದೆ, ಆದರೆ ತಪ್ಪಿದ ಸುದ್ದಿ ಬಾಡಿಗೆದಾರನಿಗೆ, ಗುಜರಾತಿಯಲ್ಲಿ ಹೇಳುವುದಾದರೆ ‘ಭಾಡುವಾತ್‌’ಗೆ, ಎಲ್ಲರಿಗಿಂತ ಕೊನೆಯಲ್ಲಿ ತಲುಪುತ್ತದೆ.

ಸುದ್ದಿ ತಡವಾಗುವುದು ಕಾಯ್ದೆಯ ರಚನೆಯಿಂದಲೇ. ನ್ಯಾಯಾಲಯಕ್ಕೆ ಹೋಗದೆ ಅಡಮಾನದ ಆಸ್ತಿಯನ್ನು ವಶಪಡಿಸಿಕೊಂಡು ಹರಾಜು ಹಾಕುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟದ್ದು 2002ರ ಸರ್ಫೇಸಿ ಕಾಯ್ದೆ. ಸಾಲವು ಸುಸ್ತಿಯಾಗಿ ಅನುತ್ಪಾದಕವೆಂದು ವರ್ಗೀಕರಣಗೊಂಡ ಮೇಲೆ ಬ್ಯಾಂಕು 13ನೆಯ ಕಲಮಿನ 2ನೆಯ ಉಪಕಲಮಿನಂತೆ 60 ದಿನಗಳ ಗಡುವಿನ ಬೇಡಿಕೆ ನೋಟಿಸನ್ನು ಕಳುಹಿಸುತ್ತದೆ. ಆದರೆ ಆ ನೋಟಿಸು ಹೋಗುವುದು ಸಾಲಗಾರನಿಗೆ ಮತ್ತು ಜಾಮೀನುದಾರನಿಗೆ, ಮನೆಯಲ್ಲಿ ವಾಸವಿರುವವನಿಗಲ್ಲ. ಗಡುವು ಮುಗಿದ ಮೇಲೆ 4ನೆಯ ಉಪಕಲಮಿನ ಕ್ರಮ, ಅಂದರೆ ಸ್ವಾಧೀನ. ಆಗ ನೋಟಿಸನ್ನು ಮನೆಯ ಹೊರಬಾಗಿಲಿಗೆ ಅಂಟಿಸಿ, ಏಳು ದಿನಗಳೊಳಗೆ ಎರಡು ಪತ್ರಿಕೆಗಳಲ್ಲಿ, ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯದು, ಪ್ರಕಟಿಸಬೇಕೆಂದು ನಿಯಮವಿದೆ. ಕಾಗದದ ಮೇಲಷ್ಟೇ ನಡೆಯುವ ಈ ಮೊದಲ ಹಂತವನ್ನು ಸಾಂಕೇತಿಕ ಸ್ವಾಧೀನ ಎನ್ನುತ್ತಾರೆ. ಒಳಗಿರುವವರನ್ನು ಹೊರಗೆ ಕಳುಹಿಸಿ ಬೀಗ ಹಾಕುವುದು ಭೌತಿಕ ಸ್ವಾಧೀನ, ಊರ ಮಾತಿನಲ್ಲಿ ‘ಸೀಲ್ ಆಗುವುದು’. ಒಪ್ಪದ ನಿವಾಸಿಯನ್ನು ಬಲವಂತದಿಂದ ತೆರವುಗೊಳಿಸಬೇಕಾದರೆ ಬ್ಯಾಂಕು 14ನೆಯ ಕಲಮಿನಂತೆ ಜಿಲ್ಲಾ ದಂಡಾಧಿಕಾರಿಯ ಅಥವಾ ಮುಖ್ಯ ನ್ಯಾಯಿಕ ದಂಡಾಧಿಕಾರಿಯ ಆದೇಶ ಪಡೆಯಬೇಕು. ವಸೂಲಿ ಏಜೆಂಟರು ತಾವಾಗಿಯೇ ಬಂದು ಬೀಗ ಬದಲಾಯಿಸುವುದಕ್ಕೆ ಕಾನೂನಿನ ಆಧಾರವಿಲ್ಲ.

ಈ ಅಂಕಣಕಾರನು ಚಾಂದ್‌ಖೇಡಾದಲ್ಲಿ ಬಾಡಿಗೆಗಿದ್ದ ಫ್ಲ್ಯಾಟಿನ ಬಾಗಿಲಿಗೂ ಅಂಥ ನೋಟಿಸು ಅಂಟಿತ್ತು. ಗುಜರಾತಿ ಲಿಪಿಯನ್ನು ಕೂಡಿಸಿಕೊಂಡು ಓದುವಷ್ಟು ಮಾತ್ರ ಬರುತ್ತಿದ್ದ ಆತನಿಗೆ ಅದರಲ್ಲಿ ಮೊದಲು ಅರ್ಥವಾದದ್ದು ಮಾಲೀಕನ ಹೆಸರು, ಅನಂತರ ಮೊತ್ತ, ಕೊನೆಗೆ ಆ ಮೊತ್ತದ ಮುಂದೆ ತನ್ನ ಎರಡು ತಿಂಗಳ ಮುಂಗಡ ಎಷ್ಟು ಸಣ್ಣದು ಎಂಬುದು. ಮಾಲೀಕನು ಫೋನಿನಲ್ಲಿ ಚಿಂತೆ ಬೇಡವೆಂದೂ ಬಾಡಿಗೆಯನ್ನು ಎಂದಿನಂತೆ ಕಳುಹಿಸುತ್ತಿರಬೇಕೆಂದೂ ಹೇಳಿದನು. ಸೊಸೈಟಿಯ ಕಾರ್ಯದರ್ಶಿ ಇದು ಮಾಲೀಕ ಮತ್ತು ಬ್ಯಾಂಕಿನ ನಡುವಿನ ವಿಷಯವೆಂದು ಕೈತೊಳೆದುಕೊಂಡನು. ಇಬ್ಬರೂ ಹೇಳದ ಸಂಗತಿಯೆಂದರೆ, ನೋಟಿಸಿನ ದಿನದಿಂದ ಬಾಡಿಗೆದಾರನಿಗೂ ಒಂದು ಗಡಿಯಾರ ಓಡಲಾರಂಭಿಸಿತ್ತು ಎಂಬುದು.

ಆ ಗಡಿಯಾರದ ವಿಷಯಕ್ಕೆ ಬರುವ ಮೊದಲು ಹಕ್ಕು ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ನೋಡಬೇಕು. ಅಡಮಾನಕ್ಕಿಂತ ಮೊದಲೇ ಕ್ರಮಬದ್ಧವಾಗಿ ಹುಟ್ಟಿದ ಬಾಡಿಗೆಯ ಹಕ್ಕನ್ನು ಬ್ಯಾಂಕು ತನಗಿಂತ ಹಿರಿಯ ಹಕ್ಕೆಂದು ಗೌರವಿಸಲೇಬೇಕು, ಏಕೆಂದರೆ ಅದಕ್ಕೆ ಅಡಮಾನವಾಗಿ ಬಂದದ್ದೇ ಬಾಡಿಗೆದಾರ ಸಮೇತವಾದ ಮನೆ. ಅಡಮಾನವಾದ ಮೇಲೆ, ಆದರೆ ಬೇಡಿಕೆ ನೋಟಿಸಿಗಿಂತ ಮೊದಲು ಆದ ಬಾಡಿಗೆಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 65ಎ ಕಲಮು ಅಳತೆಗೋಲು: ಬಾಡಿಗೆಯು ಆ ಸ್ವತ್ತಿಗೆ ಸಿಗಬಹುದಾದ ಒಳ್ಳೆಯ ದರದ್ದಾಗಿರಬೇಕು, ಬಾಡಿಗೆಯನ್ನು ಮುಂಚಿತವಾಗಿ ಪಡೆದಿರಬಾರದು, ನವೀಕರಣದ ಕರಾರು ಇರಬಾರದು, ಆರು ತಿಂಗಳೊಳಗೆ ಜಾರಿಗೆ ಬರಬೇಕು, ಕಟ್ಟಡವಾದರೆ ಅವಧಿ 3 ವರ್ಷ ಮೀರಬಾರದು. ಅಡಮಾನ ಪತ್ರದಲ್ಲಿ ಇದಕ್ಕೆ ವಿರುದ್ಧವಾದ ಷರತ್ತಿದ್ದರೆ ಆ ಷರತ್ತೇ ನಡೆಯುತ್ತದೆ. ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಬಾಡಿಗೆಗೆ ಕೊಡಬಾರದೆಂಬ ಸಾಲು ಗೃಹಸಾಲದ ಪತ್ರಗಳಲ್ಲಿ ಸಾಮಾನ್ಯವಾದುದರಿಂದ ಈ ಕಲಮಿನ ನೆರಳು ಅನೇಕರ ತಲೆಯ ಮೇಲೆ ಬೀಳುವುದಿಲ್ಲ. ಬೇಡಿಕೆ ನೋಟಿಸು ಕೈಸೇರಿದ ಮೇಲಂತೂ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಮನೆಯನ್ನು ಬಾಡಿಗೆಗೆ ಕೊಡುವುದನ್ನು 13ನೆಯ ಕಲಮಿನ 13ನೆಯ ಉಪಕಲಮು ನೇರವಾಗಿಯೇ ನಿಷೇಧಿಸುತ್ತದೆ. ಆ ಹೊತ್ತಿನಲ್ಲಿ ಮಾರುಕಟ್ಟೆಗಿಂತ ಕಡಿಮೆ ಬಾಡಿಗೆಗೆ ದೊಡ್ಡ ಮುಂಗಡ ಕೇಳುವ ಮಾಲೀಕನನ್ನು ಅನುಮಾನದಿಂದ ನೋಡುವುದೇ ವಿವೇಕ.

ಸರ್ವೋಚ್ಚ ನ್ಯಾಯಾಲಯ ಈ ದಾರಿಯನ್ನು ಒಂದೇ ನೇರಕ್ಕೆ ನಡೆದಿಲ್ಲ. 2014ರ ಹರ್ಷದ್ ಗೋವರ್ಧನ್ ಸೊಂದಾಗರ್ ಪ್ರಕರಣದಲ್ಲಿ, ಕ್ರಮಬದ್ಧ ಬಾಡಿಗೆದಾರನ ಸ್ವಾಧೀನವನ್ನು ಆ ಬಾಡಿಗೆಯು ಕಾನೂನಿನಂತೆ ಕೊನೆಗೊಳ್ಳುವವರೆಗೆ ಕಿತ್ತುಕೊಳ್ಳುವಂತಿಲ್ಲ, ದಂಡಾಧಿಕಾರಿಯು ಅವನ ಮಾತನ್ನು ಕೇಳಿಯೇ ಆದೇಶ ಮಾಡಬೇಕು ಎಂದಿತು. 2016ರ ಜನವರಿಯಲ್ಲಿ ವಿಶಾಲ್ ಕಲ್ಸಾರಿಯಾ ಪ್ರಕರಣದ ತೀರ್ಪನ್ನು ಬರೆದ ಕನ್ನಡಿಗ ನ್ಯಾಯಮೂರ್ತಿ ವಿ. ಗೋಪಾಲ ಗೌಡರು ಇನ್ನೂ ಮುಂದೆ ಹೋಗಿ, ರಾಜ್ಯದ ಬಾಡಿಗೆ ನಿಯಂತ್ರಣ ಕಾಯ್ದೆ ಕೊಟ್ಟ ರಕ್ಷಣೆಯನ್ನು ಸರ್ಫೇಸಿ ಕಾಯ್ದೆ ಅಳಿಸಲಾರದು, ಪತ್ರ ನೋಂದಣಿಯಾಗಿಲ್ಲ ಎಂಬ ಒಂದೇ ಕಾರಣಕ್ಕೆ ಆ ರಕ್ಷಣೆ ಹೋಗದು ಎಂದರು. ಬಾಡಿಗೆದಾರರ ಪಾಲಿಗೆ ಇದು ಈ ಸಾಲಿನ ಅತ್ಯಂತ ಉದಾರ ತೀರ್ಪು. ಆದರೆ ಸುಸ್ತಿಯಾದ ಮೇಲೆ ಸಂಬಂಧಿಕರನ್ನು ಹಳೆಯ ಬಾಡಿಗೆದಾರರೆಂದು ತಂದು ನಿಲ್ಲಿಸುವ ಸಾಲಗಾರರಿಗೂ ಈ ಬಾಗಿಲು ತೆರೆದುಕೊಳ್ಳುವುದೆಂಬ ಭಯ ಬ್ಯಾಂಕುಗಳಿಗಿತ್ತು, ಅದು ನಿರಾಧಾರವೂ ಆಗಿರಲಿಲ್ಲ. 2019ರ ಸೆಪ್ಟೆಂಬರಿನ ಬಜರಂಗ್ ಶ್ಯಾಮ್‌ಸುಂದರ್ ಅಗರ್ವಾಲ್ ಪ್ರಕರಣದಲ್ಲಿ ಬಾಗಿಲು ಅರ್ಧ ಮುಚ್ಚಿತು: ನೋಂದಾಯಿತ ಪತ್ರವಿಲ್ಲದೆ ಬಾಯಿಮಾತಿನ ಅಥವಾ ನೋಂದಣಿಯಾಗದ ಕರಾರನ್ನು ನೆಚ್ಚಿಕೊಂಡವನು ಒಂದು ವರ್ಷಕ್ಕಿಂತ ಹೆಚ್ಚಿನ ಸ್ವಾಧೀನವನ್ನು ಕೇಳುವಂತಿಲ್ಲ, ಅವಧಿ ಮುಗಿದ ಮೇಲೂ ಸುಮ್ಮನೆ ಉಳಿದುಕೊಂಡವನಿಗೆ ಬಾಡಿಗೆ ಕಾಯ್ದೆಯ ಆಸರೆಯೂ ಇಲ್ಲ.

ಇಲ್ಲಿಂದ ಹನ್ನೊಂದು ತಿಂಗಳ ಕರಾರಿನ ದೌರ್ಬಲ್ಯ ಕಣ್ಣಿಗೆ ಬೀಳುತ್ತದೆ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದುದರಿಂದ ಅದರ ಖರ್ಚು ತಪ್ಪಿಸಲು ಅಹಮದಾಬಾದಿನಲ್ಲಿಯೂ ಬೆಂಗಳೂರಿನಲ್ಲಿಯೂ ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳಿಗೆ ಬರೆದು ನೋಟರಿಯ ಮುದ್ರೆ ಹಾಕಿಸುವುದು ರೂಢಿ. ಇಂಥ ‘ಭಾಡಾ ಕರಾರ್’ ಹಲವೊಮ್ಮೆ ತನ್ನನ್ನು ಗುತ್ತಿಗೆ ಎಂದು ಕರೆದುಕೊಳ್ಳುವುದೂ ಇಲ್ಲ, ಅನುಮತಿ ಅಥವಾ ಲೈಸೆನ್ಸ್ ಎಂದು ಹೇಳಿಕೊಳ್ಳುತ್ತದೆ. ಭೇದ ಸಣ್ಣದಲ್ಲ. ಗುತ್ತಿಗೆಯು ಸ್ವತ್ತಿನಲ್ಲಿ ಒಂದು ಹಿತಾಸಕ್ತಿಯನ್ನು ಹುಟ್ಟಿಸುತ್ತದೆ. 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಲೈಸೆನ್ಸು ಬರಿಯ ಒಪ್ಪಿಗೆಯಾಗಿದ್ದು, ಸ್ವತ್ತು ಕೈಬದಲಾದರೆ ಹೊಸ ಮಾಲೀಕ ಅದಕ್ಕೆ ಬದ್ಧನಲ್ಲ ಎಂದು 59ನೆಯ ಕಲಮು ಹೇಳುತ್ತದೆ. ಆದರೂ ಪತ್ರದ ತಲೆಬರಹವೇ ಕೊನೆಯ ಮಾತಲ್ಲ, ಪ್ರತ್ಯೇಕ ಸ್ವಾಧೀನ ಮತ್ತು ಪಕ್ಷಗಳ ಉದ್ದೇಶವನ್ನು ನೋಡಬೇಕು ಎಂಬುದು 1959ರ ಅಸೋಸಿಯೇಟೆಡ್ ಹೋಟೆಲ್ಸ್ ತೀರ್ಪಿನಿಂದ ನೆಲೆನಿಂತ ತತ್ತ್ವ. ಲೈಸೆನ್ಸೇ ಎಂದು ತೀರ್ಮಾನವಾದರೂ ಕೈ ಪೂರ್ತಿ ಬರಿದಾಗುವುದಿಲ್ಲ: ರದ್ದಾದ ಮೇಲೆ ಹೊರಡಲು ಮತ್ತು ಸಾಮಾನು ಸಾಗಿಸಲು ಸಮಂಜಸ ಕಾಲಾವಕಾಶವನ್ನು 63ನೆಯ ಕಲಮೂ, ತಪ್ಪಿಲ್ಲದೆ ಅವಧಿಗೆ ಮುನ್ನ ಹೊರಹೋಗಬೇಕಾದವನಿಗೆ ಮಾಲೀಕನಿಂದ ಪರಿಹಾರವನ್ನು 64ನೆಯ ಕಲಮೂ ಕೊಡುತ್ತವೆ.

ಕರ್ನಾಟಕದ ಓದುಗರು ಇದನ್ನು ದೂರದ ಗುಜರಾತಿನ ಸಂಗತಿಯೆಂದು ಪಕ್ಕಕ್ಕಿಡುವಂತಿಲ್ಲ. ತಿಂಗಳ ಬಾಡಿಗೆಯಿಲ್ಲದೆ ಹಲವು ಲಕ್ಷಗಳ ಇಡಿಗಂಟನ್ನು ಮಾಲೀಕನ ಕೈಗಿಟ್ಟು ವಾಸಿಸುವ ಬೆಂಗಳೂರಿನ ‘ಲೀಸು’, ಹಳೆಯ ಮಾತಿನಲ್ಲಿ ‘ಭೋಗ್ಯ’, ಈ ಅಪಾಯದ ಮುಂದೆ ಚಾಂದ್‌ಖೇಡಾದ ಬಾಡಿಗೆಗಿಂತ ಎಷ್ಟೋ ಪಾಲು ಬೆತ್ತಲೆಯಾಗಿದೆ. ಸ್ವತ್ತು ವರ್ಗಾವಣೆ ಕಾಯ್ದೆ ಒಪ್ಪುವ ನಿಜವಾದ ಭೋಗ್ಯವು ಸ್ವತಃ ಒಂದು ಅಡಮಾನವಾಗಿದ್ದು, 100 ರೂಪಾಯಿ ಮತ್ತು ಮೇಲ್ಪಟ್ಟ ಮೊತ್ತದ್ದಾದರೆ ಅದಕ್ಕೆ ನೋಂದಾಯಿತ ಪತ್ರ ಬೇಕು. ನಗರದ ಲೀಸು ಕರಾರುಗಳು ಹೆಚ್ಚಾಗಿ ನೋಟರಿಯ ಮುದ್ರೆಗೇ ನಿಲ್ಲುತ್ತವೆ. ಮನೆ ಆಗಲೇ ಬ್ಯಾಂಕಿಗೆ ಅಡಮಾನವಾಗಿದ್ದರೆ, ಇಡಿಗಂಟು ಪಡೆದದ್ದೇ 65ಎ ಕಲಮಿಗೆ ವಿರುದ್ಧ ಎಂದು ಬ್ಯಾಂಕು ವಾದಿಸಬಹುದು. ಹದಿನೈದು ಲಕ್ಷ ಕೊಟ್ಟವನೂ ಆಗ ಮೂವತ್ತು ಸಾವಿರ ಕೊಟ್ಟವನ ಸಾಲಿನಲ್ಲಿಯೇ, ಆಧಾರವಿಲ್ಲದ ಸಾಲದಾತನಾಗಿ ನಿಲ್ಲುತ್ತಾನೆ. ಬಾಡಿಗೆ ಉಳಿಯಿತೆಂದು ಲೀಸನ್ನು ಜಾಣತನವೆಂದು ಹೊಗಳುವವರು ಈ ಅಪಾಯಕ್ಕೆ ಬೆಲೆ ಕಟ್ಟಿರುವುದಿಲ್ಲ.

ಈಗ ಗಡಿಯಾರ. 2014ರ ತೀರ್ಪಿನ ಕಾಲಕ್ಕೆ ಬಾಡಿಗೆದಾರನಿಗೆ ಉಚ್ಚ ನ್ಯಾಯಾಲಯವನ್ನು ಬಿಟ್ಟು ಬೇರೆ ಕಡೆ ದೂರು ಹೇಳಲು ದಾರಿಯಿರಲಿಲ್ಲ. 2016ರ ತಿದ್ದುಪಡಿಯು 17ನೆಯ ಕಲಮಿಗೆ 4ಎ ಉಪಕಲಮನ್ನು ಸೇರಿಸಿ, ಬಾಡಿಗೆಯ ಹಕ್ಕನ್ನು ಪರಿಶೀಲಿಸುವ ಅಧಿಕಾರವನ್ನು ಸಾಲ ವಸೂಲಾತಿ ನ್ಯಾಯಮಂಡಳಿಗೆ ಕೊಟ್ಟಿತು. ಸ್ವಾಧೀನದ ಕ್ರಮ ನಡೆದ ದಿನದಿಂದ 45 ದಿನಗಳೊಳಗೆ ಅರ್ಜಿ ಹಾಕಬೇಕು. ಚಾಂದ್‌ಖೇಡಾದವರಿಗೆ ನ್ಯಾಯಮಂಡಳಿ ಅಹಮದಾಬಾದಿನಲ್ಲಿಯೇ ಇದೆ, ಮೇಲ್ಮನವಿ ಮುಂಬೈಗೆ; ಕರ್ನಾಟಕದವರಿಗೆ ಬೆಂಗಳೂರು ಮತ್ತು ಚೆನ್ನೈ. ಅವಧಿ ಮುಗಿದಿದೆಯೇ, ಬಾಡಿಗೆಯು 65ಎ ಕಲಮಿಗೆ ಅಥವಾ ಅಡಮಾನದ ಷರತ್ತಿಗೆ ವಿರುದ್ಧವೇ, ಬೇಡಿಕೆ ನೋಟಿಸಿನ ಅನಂತರ ಹುಟ್ಟಿದ್ದೇ ಎಂದು ಮಂಡಳಿ ನೋಡುತ್ತದೆ. ಅಲ್ಲಿ ಬೆಲೆಯುಳ್ಳವು ಬ್ಯಾಂಕ್ ಖಾತೆಯಿಂದ ಸಂದ ಬಾಡಿಗೆಯ ದಾಖಲೆ, ಹಳೆಯ ಕರಾರುಗಳು, ಪೊಲೀಸ್ ಠಾಣೆಗೆ ಕೊಟ್ಟ ಬಾಡಿಗೆದಾರರ ಮಾಹಿತಿ, ಆದಾಯ ತೆರಿಗೆಯಲ್ಲಿ ಮನೆ ಬಾಡಿಗೆ ಭತ್ಯೆಗಾಗಿ ಸಲ್ಲಿಸಿದ ವಿವರ. ಕೈಯಲ್ಲಿ ನಗದು ಕೊಟ್ಟು ರಸೀದಿ ಪಡೆಯದವನ ಹತ್ತು ವರ್ಷದ ವಾಸ್ತವ್ಯವೂ ಅಲ್ಲಿ ಬಾಯಿಮಾತು.

ಅಮೆರಿಕ ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿತು. 2008ರ ಗೃಹಸಾಲದ ಬಿಕ್ಕಟ್ಟಿನಲ್ಲಿ ಬಾಡಿಗೆ ತಪ್ಪಿಸದವರೂ ಬೀದಿಗೆ ಬೀಳುವುದನ್ನು ಕಂಡು 2009ರಲ್ಲಿ ಮಾಡಿದ ಒಕ್ಕೂಟದ ಕಾಯ್ದೆಯು, ಪ್ರಾಮಾಣಿಕ ಬಾಡಿಗೆದಾರನಿಗೆ ಕನಿಷ್ಠ 90 ದಿನಗಳ ನೋಟಿಸನ್ನು ಕಡ್ಡಾಯಗೊಳಿಸಿತು. 2014ರ ಕೊನೆಗೆ ಅವಧಿ ತೀರಿದ ಆ ಕಾಯ್ದೆಯನ್ನು 2018ರಲ್ಲಿ ಶಾಶ್ವತವಾಗಿ ಮರಳಿ ತರಲಾಯಿತು. ಕಾಗದದ ಹುಟ್ಟನ್ನು ಕೆದಕುವ ಮೊದಲು ಮನುಷ್ಯನಿಗೆ ಹೊರಡಲು ಸಮಯ ಕೊಡು ಎಂಬ ಈ ಸರಳ ಏರ್ಪಾಡು ಸರ್ಫೇಸಿ ಕಾಯ್ದೆಯಲ್ಲಿ ಇಲ್ಲದಿರುವುದು ಅದರ ದೊಡ್ಡ ಕೊರತೆ.

ಮನೆ ಹಿಡಿಯುವಾಗಲೇ ನೋಡಿಕೊಳ್ಳುವುದು ಇವೆಲ್ಲಕ್ಕಿಂತ ಅಗ್ಗ. ಕರ್ನಾಟಕದಲ್ಲಿ ಋಣಭಾರ ಪತ್ರವೂ ಗುಜರಾತಿನಲ್ಲಿ ಉಪನೋಂದಣಿ ಕಚೇರಿಯ ‘ಇಂಡೆಕ್ಸ್-2’ ದಾಖಲೆಯೂ ಸ್ವತ್ತಿನ ವ್ಯವಹಾರಗಳನ್ನು ತೋರಿಸುತ್ತವೆ; ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಮಾಡುವ ಅಡಮಾನ ಅವುಗಳಲ್ಲಿ ತಪ್ಪಿಹೋಗಬಹುದಾದರೂ, 2011ರಿಂದ ಕೆಲಸ ಮಾಡುತ್ತಿರುವ ಸೆರ್ಸಾಯ್ ಎಂಬ ಕೇಂದ್ರೀಯ ನೋಂದಣಿಯಲ್ಲಿ ಅಲ್ಪ ಶುಲ್ಕಕ್ಕೆ ಯಾರು ಬೇಕಾದರೂ ಅದನ್ನು ಹುಡುಕಬಹುದು. ಅಡಮಾನ ಇದೆಯೆಂದ ಮಾತ್ರಕ್ಕೆ ಮನೆಯನ್ನು ಬಿಡಬೇಕಿಲ್ಲ, ಸಾಲವಿಲ್ಲದ ಫ್ಲ್ಯಾಟು ಹುಡುಕುತ್ತ ಹೋದರೆ ಊರೂರು ಅಲೆಯಬೇಕಾದೀತು. ಬ್ಯಾಂಕಿನ ಒಪ್ಪಿಗೆ ಪತ್ರವನ್ನು ಕೇಳಬೇಕು, ಸಿಗದಿದ್ದರೆ ಮುಂಗಡವನ್ನು ಕಳೆದುಕೊಂಡರೂ ತಡೆದುಕೊಳ್ಳುವಷ್ಟಕ್ಕೇ ಮಿತಿಗೊಳಿಸಬೇಕು.

ಅಂಕಣಕಾರನ ಕರಾರು ಅಡಮಾನಕ್ಕಿಂತ ಈಚಿನದು, ನೋಂದಣಿಯಾಗದ್ದು, ಬ್ಯಾಂಕಿನ ಒಪ್ಪಿಗೆಯಿಲ್ಲದ್ದು. ಗೆಲ್ಲುವ ಮೊಕದ್ದಮೆ ಅದಲ್ಲವೆಂದು ವಕೀಲರು ಮೊದಲ ಭೇಟಿಯಲ್ಲಿಯೇ ತಿಳಿಸಿದ್ದರಿಂದ ಆತನು ನ್ಯಾಯಮಂಡಳಿಗೆ ಹೋಗಲಿಲ್ಲ. ವಾಸವಿರುವವನು ತಾನೆಂದೂ ಕರಾರಿನ ಅವಧಿ ಎರಡು ತಿಂಗಳು ಉಳಿದಿದೆಯೆಂದೂ ಬ್ಯಾಂಕಿನ ಅಧಿಕಾರಿಗೆ ನೋಂದಾಯಿತ ಅಂಚೆಯಲ್ಲಿ ಬರೆದು, ಒಂದು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ವಜಾ ಮಾಡಿಕೊಳ್ಳುವುದಾಗಿ ಮಾಲೀಕನಿಗೂ ತಿಳಿಸಿ, ಅವಧಿ ಮುಗಿಯುವ ಮೊದಲೇ ಮನೆ ಖಾಲಿ ಮಾಡಿ ಕೀಲಿಕೈ ಒಪ್ಪಿಸಿದ್ದಕ್ಕೆ ಸಹಿ ಪಡೆದನು. ಮುಂಗಡದ ಉಳಿದರ್ಧ, 14,000 ರೂಪಾಯಿ, ಇನ್ನೂ ಬಂದಿಲ್ಲ.