ಹುಚ್ಚುನಾಯಿಯ ಕಡಿತ: ಹಳೆಯ ಭಯ, ಸರಿಯಾದ ಉಪಾಯ

“ಹುಚ್ಚುನಾಯಿ ಬಂತು!” ಎಂಬ ಕೂಗು ಕೇಳಿದೊಡನೆ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ. ಈ ಭಯ ನಿನ್ನೆ ಮೊನ್ನೆಯದಲ್ಲ. ಸುಮಾರು 3,800 ವರ್ಷಗಳ ಹಿಂದೆ ಮೆಸೊಪೊಟೇಮಿಯದ ಎಶ್ನುನ್ನದಲ್ಲಿ ಒಂದು ಕಟ್ಟಳೆಯಿತ್ತು. ಎಚ್ಚರಿಕೆ ಕೊಟ್ಟ ಮೇಲೂ ಒಡೆಯನು ಹುಚ್ಚುನಾಯಿಯನ್ನು ಕಾಯದೆ, ಅದು ಕಚ್ಚಿ ಮನುಷ್ಯ ಸತ್ತರೆ, ಬೆಳ್ಳಿಯ ದಂಡ ತೆರಬೇಕಾಗಿತ್ತು. ನಮ್ಮ ಸುಶ್ರುತ ಸಂಹಿತೆಯೂ, ಕಡಿತಕ್ಕೊಳಗಾಗಿ ನೀರಿಗೆ ಹೆದರುವ ರೋಗಿಯು ಉಳಿಯುವುದಿಲ್ಲವೆಂದು ಹೇಳಿದೆ.

ನೀರಿಗೇಕೆ ಹೆದರಿಕೆ? ರೋಗದ ವಿಷಾಣುವು ನರಗಳ ಹಾದಿಯಲ್ಲಿ ಮಿದುಳಿಗೇರುತ್ತದೆ. ಆಗ ನೀರು ನುಂಗಹೋದರೆ ಗಂಟಲು ಸೆಟೆದುಕೊಳ್ಳುತ್ತದೆ. ಇದು ದೆವ್ವವೂ ಅಲ್ಲ, ಶಾಪವೂ ಅಲ್ಲ. ಕಾರಣ ತಿಳಿಯದ ಕಾಲದಲ್ಲಿ ಯೂರೋಪಿನವರು ಸಂತ ಹ್ಯೂಬರ್ಟನ ಕೀಲಿ ಎಂಬ ಕಬ್ಬಿಣವನ್ನು ಕಾಯಿಸಿ ಗಾಯ ಸುಡುತ್ತಿದ್ದರು. ನಮ್ಮವರು ಬರೆ, ತಾಯಿತ, ಮೆಣಸಿನಪುಡಿಗಳನ್ನು ನಂಬಿದರು.

1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರರು ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಬಾಲಕನಿಗೆ ತಮ್ಮ ಲಸಿಕೆ ಕೊಡಿಸಲಾರಂಭಿಸಿದರು, ಬಾಲಕ ಬದುಕಿದ. 1907ರಲ್ಲಿ ನಮ್ಮ ನೀಲಗಿರಿಯ ಕೂನೂರಿನಲ್ಲೇ ಪಾಶ್ಚರ್ ಸಂಸ್ಥೆ ಕೆಲಸ ಆರಂಭಿಸಿತು.

ಆದರೆ ಹಳೆಯ ಭಯಕ್ಕೆ ಹೊಸದೊಂದು ಸೇರಿತು. ಕುರಿಯ ಮಿದುಳಿನಿಂದ ತಯಾರಿಸಿದ ಲಸಿಕೆಯನ್ನು ದಿನದಿನವೂ ಹೊಟ್ಟೆಗೆ ಚುಚ್ಚುತ್ತಿದ್ದರು. ಆ ನೋವಿಗೆ ಅಂಜಿ ಆಸ್ಪತ್ರೆಗೆ ಹೋಗದವರೂ ಇದ್ದರು. ಆ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ರ ಕೊನೆಗೆ ನಿಂತುಹೋಯಿತು. ಈಗಿನದು ತೋಳಿಗೆ ಚುಚ್ಚುವ ಮದ್ದು. 4 ಅಥವಾ 5 ಸರದಿ, ಅಷ್ಟೆ.

ರೈತ ಬಾಂಧವರು ನೆನಪಿಡಬೇಕಾದ ಮಾತುಗಳಿವು:

1. ನಾಯಿ ಕಚ್ಚಿದೊಡನೆ, ಪರಚಿದ ಗಾಯವಾದರೂ ಸರಿ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರ, ಸೊಪ್ಪಿನ ರಸ ಬೇಡ.

2. ಅಂದೇ ಆಸ್ಪತ್ರೆಗೆ ಹೋಗಿರಿ. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಬೇರೊಂದು ಮದ್ದು ಹಾಕುತ್ತಾರೆ. ಎಲ್ಲ ಸರದಿಗಳನ್ನೂ ಮುಗಿಸಿರಿ.

3. ದನವು ಜೊಲ್ಲು ಸುರಿಸುತ್ತ, ಮೇವು ನುಂಗಲಾರದೆ, ಒಡೆದ ದನಿಯಲ್ಲಿ ಅರಚುತ್ತಿದ್ದರೆ, ಗಂಟಲಿಗೆ ಏನೋ ಸಿಕ್ಕಿದೆಯೆಂದು ಬಾಯಿಯೊಳಗೆ ಕೈ ಹಾಕಬೇಡಿರಿ. ಅದನ್ನು ಬೇರೆ ಕಟ್ಟಿ, ಹಾಲು ಬಳಸದೆ, ಪಶುವೈದ್ಯರನ್ನು ಕರೆಯಿರಿ.

4. ಸಾಕುನಾಯಿಗೆ ವರ್ಷವರ್ಷವೂ ಲಸಿಕೆ ಹಾಕಿಸಿರಿ.

ರೋಗದ ಚಿಹ್ನೆ ಕಾಣಿಸಿಕೊಂಡ ಮೇಲೆ ಬದುಕಿದವರು ತೀರ ವಿರಳ. ಅದಕ್ಕೆ ಮೊದಲೇ ಲಸಿಕೆ ಪಡೆದವರಿಗೆ ಅಂಜಿಕೆಯಿಲ್ಲ. ಆದುದರಿಂದ ಭಯಪಡಬೇಡಿರೆಂದು ನಾವು ಹೇಳುವುದಿಲ್ಲ. ಆ ಭಯವು ನಮ್ಮನ್ನು ಮಂತ್ರಗಾರನ ಮನೆಗಲ್ಲ, ಆಸ್ಪತ್ರೆಯ ಬಾಗಿಲಿಗೆ ಓಡಿಸಲಿ ಎನ್ನುತ್ತೇವೆ.