ನಗೆಯಿಂದ ಪದಸಂಪತ್ತು: ಚುನಾವಣಾ ಚರ್ಚೆಯ ವಿಡಂಬನೆ ಮತ್ತು ಇಂಗ್ಲಿಷ್ ಪದಬೋಧನೆ

(ಪ್ರೌಢಶಾಲಾ ತರಗತಿಗಳಿಗೆ, ಎರಡು ಅವಧಿಗಳ ಪಾಠ)

ಪೀಠಿಕೆ

ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಂಗ್ಲಿಷ್ ಪದಗಳ ಕಲಿಕೆಯು ಬಹುಮಟ್ಟಿಗೆ ಅರ್ಥವನ್ನು ಬರೆದುಕೊಂಡು ಕಂಠಪಾಠ ಮಾಡುವುದರಲ್ಲಿ ಮುಗಿಯುತ್ತದೆ. ಹೀಗೆ ಕಲಿತ ಪದದ ಅರ್ಥವು ವಿದ್ಯಾರ್ಥಿಗೆ ತಿಳಿದಿರುತ್ತದೆ. ಅದು ಹೇಗೆ ರಚನೆಯಾಗಿದೆ, ಅದನ್ನು ಯಾರು ಯಾವ ಸಂದರ್ಭದಲ್ಲಿ ಆಡುತ್ತಾರೆ ಎಂಬುದು ತಿಳಿದಿರುವುದಿಲ್ಲ. ಗಡಿನಾಡಿನ ಮಕ್ಕಳಿಗೆ ಇನ್ನೊಂದು ತೊಡಕೂ ಉಂಟು. ಮನೆಯಲ್ಲಿ ಒಂದು ನುಡಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಆಯಾ ರಾಜ್ಯದ ಭಾಷೆ ಇವುಗಳ ನಡುವೆ ಬೆಳೆಯುವ ಅನೇಕರಿಗೆ ಇಂಗ್ಲಿಷ್ ನಾಲ್ಕನೆಯ ಭಾಷೆ. ತಪ್ಪಿದರೆ ಇತರರು ನಕ್ಕಾರು ಎಂಬ ಅಂಜಿಕೆಯಿಂದ ಅವರು ಬಾಯಿ ತೆರೆಯುವುದೇ ಕಡಿಮೆ.

ಆ ನಗೆಯನ್ನೇ ಬೋಧನೆಯ ಸಾಧನವಾಗಿ ಮಾಡಿಕೊಳ್ಳಲು ಸಾಧ್ಯವಿದೆ. ಹಾಸ್ಯಗಾರನು ಬೇಕೆಂದೇ ಕೆಡಿಸಿದ ಪದವು, ಸರಿಯಾದ ಪದದ ಒಳರಚನೆಯನ್ನು ಬಿಚ್ಚಿ ತೋರಿಸುತ್ತದೆ. ಅದು ಏಕೆ ನಗೆ ತರುತ್ತದೆಂದು ವಿವರಿಸಬಲ್ಲ ವಿದ್ಯಾರ್ಥಿಯು ಪದವನ್ನು ನಿಜವಾಗಿ ಕಲಿತಿರುತ್ತಾನೆ.

ಉದ್ದೇಶಗಳು

1. ಚುನಾವಣೆ ಮತ್ತು ಚರ್ಚೆಗೆ ಸಂಬಂಧಿಸಿದ ಇಂಗ್ಲಿಷ್ ಪದಗಳ ಪರಿಚಯ.
2. ಉಪಸರ್ಗ, ಪ್ರತ್ಯಯ ಮತ್ತು ಸ್ವರಾಘಾತಗಳ ಮೂಲಕ ಪದರಚನೆಯ ಅರಿವು.
3. ತಪ್ಪಿನ ಬಗೆಗಿನ ಅಂಜಿಕೆಯ ನಿವಾರಣೆ.

ಹಿನ್ನೆಲೆ

ಅಮೆರಿಕದ ಅಧ್ಯಕ್ಷೀಯ ಅಭ್ಯರ್ಥಿಗಳ ಮೊದಲ ದೂರದರ್ಶನ ಚರ್ಚೆಯು 1960ರ ಸೆಪ್ಟೆಂಬರ್ 26ರಂದು ಕೆನಡಿ ಮತ್ತು ನಿಕ್ಸನ್ ಅವರ ನಡುವೆ ನಡೆಯಿತು. ಮುಂದಿನ ಮೂರು ಚುನಾವಣೆಗಳಲ್ಲಿ ಇಂತಹ ಚರ್ಚೆ ನಡೆಯಲಿಲ್ಲ. 1976ರಲ್ಲಿ ಪುನಃ ಆರಂಭವಾಯಿತು. ಅದರ ಹಿಂದಿನ ವರ್ಷವಷ್ಟೇ ಪ್ರಾರಂಭವಾಗಿದ್ದ ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಹಾಸ್ಯ ಕಾರ್ಯಕ್ರಮವು ಈ ಚರ್ಚೆಗಳನ್ನು ಅನುಕರಿಸಿ ವಿಡಂಬಿಸತೊಡಗಿತು.

ಈ ಪಾಠಕ್ಕೆ 2000ದ ಚುನಾವಣೆಯ ಪ್ರಸಂಗವು ಸೂಕ್ತವಾಗಿದೆ. ಜಾರ್ಜ್ ಡಬ್ಲ್ಯು. ಬುಷ್ ಮತ್ತು ಅಲ್ ಗೋರ್ ಅವರ ಮೊದಲ ಚರ್ಚೆಯು ಅಕ್ಟೋಬರ್ 3ರಂದು ಬಾಸ್ಟನ್ ನಗರದಲ್ಲಿ ನಡೆಯಿತು. ನಾಲ್ಕು ದಿನಗಳ ತರುವಾಯ ಪ್ರಸಾರವಾದ ಪ್ರಹಸನದಲ್ಲಿ ವಿಲ್ ಫೆರೆಲ್ ಬುಷ್ ಆಗಿಯೂ ಡ್ಯಾರೆಲ್ ಹ್ಯಾಮಂಡ್ ಗೋರ್ ಆಗಿಯೂ ಕಾಣಿಸಿಕೊಂಡರು. ಕೊನೆಯಲ್ಲಿ ಚರ್ಚೆಯ ನಿರ್ವಾಹಕನು, ತಮ್ಮ ಅಭ್ಯರ್ಥಿತನದ ಸಮರ್ಥನೆಯನ್ನು ಒಂದೇ ಪದದಲ್ಲಿ ಹೇಳುವಂತೆ ಇಬ್ಬರನ್ನೂ ಕೇಳುತ್ತಾನೆ. ಬುಷ್ ಪಾತ್ರಧಾರಿಯ ಉತ್ತರ ‘ಸ್ಟ್ರಟೀಜರಿ’. ಗೋರ್ ಪಾತ್ರಧಾರಿಯ ಉತ್ತರ ‘ಲಾಕ್‌ಬಾಕ್ಸ್’.

ಮೊದಲನೆಯ ಅವಧಿ: ಆಧಾರಪದಗಳು

ವಿಡಂಬನೆಗೆ ಮುನ್ನ ಸರಿಯಾದ ಪದಗಳು ಬರಬೇಕು. ಮೂಲವನ್ನು ಅರಿಯದವನಿಗೆ ಅದರ ವಿಕಾರವು ನಗೆಯನ್ನು ತರಲಾರದು. ವಿಕಾರವನ್ನೇ ಸರಿಯೆಂದು ಆತನು ಕಲಿಯುವ ಅಪಾಯವೂ ಇದೆ. ಕ್ಯಾಂಡಿಡೇಟ್, ಆಪೊನೆಂಟ್, ಮಾಡರೇಟರ್, ಡಿಬೇಟ್, ಇಶ್ಯೂ, ಸ್ಟ್ರ್ಯಾಟಜಿ, ಸರ್‌ಪ್ಲಸ್ ಎಂಬ ಏಳು ಪದಗಳು ಈ ಅವಧಿಗೆ ಸಾಕು. ಶಿಕ್ಷಕರು ಇವುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದು, ಪ್ರತಿಯೊಂದನ್ನೂ ವಾಕ್ಯದಲ್ಲಿ ಪ್ರಯೋಗಿಸಿ ತೋರಿಸಬೇಕು.

ಸಾಧ್ಯವಾದಲ್ಲಿ ಪದದ ಇತಿಹಾಸವನ್ನೂ ಹೇಳುವುದು ಒಳ್ಳೆಯದು. ‘ಕ್ಯಾಂಡಿಡೇಟ್’ ಎಂಬುದರ ಮೂಲದಲ್ಲಿ ಬಿಳುಪು ಎಂಬ ಅರ್ಥದ ಲ್ಯಾಟಿನ್ ಪದವಿದೆ. ಪ್ರಾಚೀನ ರೋಮಿನಲ್ಲಿ ಪದವಿಗೆ ಸ್ಪರ್ಧಿಸುವವರು ಬೆಳ್ಳಗೆ ಮಾಡಿದ ಉಡುಪನ್ನು ಧರಿಸಿ ಮತ ಯಾಚಿಸುತ್ತಿದ್ದರು. ನಮ್ಮ ಅಭ್ಯರ್ಥಿಗಳ ಬಿಳಿಯ ಉಡುಪನ್ನು ಕಂಡಿರುವ ಮಕ್ಕಳು ಈ ಪದವನ್ನು ಮರೆಯಲಾರರು.

ಎರಡನೆಯ ಅವಧಿ: ಮೂರು ಪದಗಳು

ಲಾಕ್‌ಬಾಕ್ಸ್. ಬೀಗ ಹಾಕಿದ ಪೆಟ್ಟಿಗೆ ಎಂಬುದು ಇದರ ಸಾಮಾನ್ಯ ಅರ್ಥ. ವೃದ್ಧಾಪ್ಯ ಮತ್ತು ಆರೋಗ್ಯ ಯೋಜನೆಗಳ ಹಣವನ್ನು ಬೇರೆ ವೆಚ್ಚಕ್ಕೆ ಬಳಸದಂತೆ ಕಾದಿಡಬೇಕು ಎಂಬ ಅರ್ಥದಲ್ಲಿ ಗೋರ್ ಅವರು ನಿಜವಾದ ಚರ್ಚೆಯಲ್ಲಿ ಈ ಪದವನ್ನು ಹಲವು ಬಾರಿ ಆಡಿದರು. ಹಾಸ್ಯಗಾರನು ಪದವನ್ನು ಬದಲಿಸಲಿಲ್ಲ. ಆವೃತ್ತಿಯನ್ನು ಹೆಚ್ಚಿಸಿದನು ಅಷ್ಟೇ. ಎರಡು ನಾಮಪದಗಳು ಕೂಡಿ ಒಂದಾಗುವ ಸಮಾಸಕ್ಕೆ ಇದು ಉದಾಹರಣೆ. ಲಂಚ್‌ಬಾಕ್ಸ್, ಮೇಲ್‌ಬಾಕ್ಸ್, ಮ್ಯಾಚ್‌ಬಾಕ್ಸ್ ಎಂದು ಮಕ್ಕಳೇ ಪಟ್ಟಿಯನ್ನು ಬೆಳೆಸಬಲ್ಲರು.

ಸ್ಟ್ರಟೀಜರಿ. ಇದು ಪ್ರಹಸನಕಾರ ಜಿಮ್ ಡೌನಿ ಅವರ ಸೃಷ್ಟಿ. ಬುಷ್ ಅವರು ಚರ್ಚೆಯಲ್ಲಿ ಇದನ್ನು ಆಡಿರಲಿಲ್ಲ. ‘ಸ್ಟ್ರ್ಯಾಟಜಿ’ ಎಂದರೆ ಕಾರ್ಯತಂತ್ರ. ಬ್ರೇವರಿ, ಸ್ಲೇವರಿ, ರಾಬರಿ ಮುಂತಾದ ಪದಗಳಲ್ಲಿರುವ ‘ಅರಿ’ ಎಂಬ ಪ್ರತ್ಯಯವನ್ನು ಇಲ್ಲಿ ಅನಾವಶ್ಯಕವಾಗಿ ಹಚ್ಚಲಾಗಿದೆ. ಇದರ ಸ್ವಾರಸ್ಯವನ್ನು ಕನ್ನಡದಲ್ಲಿ ತೋರಿಸುವುದು ಸುಲಭ. ಜಾಣ ಎಂಬುದಕ್ಕೆ ‘ತನ’ ಸೇರಿ ಜಾಣತನ, ಬಡವ ಎಂಬುದರಿಂದ ಬಡತನ. ಯಾರಾದರೂ ‘ಉಪಾಯತನ’ ಎಂದರೆ ಮಕ್ಕಳು ಕೂಡಲೇ ನಗುತ್ತಾರೆ. ಉಪಾಯವು ತಾನೇ ಭಾವವಾಚಕ; ಅದಕ್ಕೆ ‘ತನ’ ಬೇಡ. ಸ್ಟ್ರ್ಯಾಟಜಿಗೆ ‘ಅರಿ’ ಬೇಡವಾದುದೂ ಅದೇ ಕಾರಣದಿಂದ.

ಉಚ್ಚಾರಣೆಯಲ್ಲಿಯೂ ಒಂದು ಪಾಠವಿದೆ. ಇಂಗ್ಲಿಷಿನ ‘ಸ್ಟ್ರ್ಯಾಟಜಿ’ಯಲ್ಲಿ ಒತ್ತು ಮೊದಲ ಅಕ್ಷರದ ಮೇಲೆ; ‘ಸ್ಟ್ರಟೀಜಿಕ್’ ಎಂಬ ಗುಣವಾಚಕದಲ್ಲಿ ಎರಡನೆಯದರ ಮೇಲೆ. ಹಾಸ್ಯದ ಪದವು ಗುಣವಾಚಕದ ಒತ್ತನ್ನು ಎರವಲು ಪಡೆದಿದೆ. ಪಾಲಿಟಿಕ್ಸ್ ಮತ್ತು ಪೊಲಿಟಿಕಲ್, ಡೆಮಾಕ್ರಸಿ ಮತ್ತು ಡೆಮೊಕ್ರ್ಯಾಟಿಕ್ ಎಂಬ ಜೋಡಿಗಳಲ್ಲೂ ಒತ್ತು ಹೀಗೆಯೇ ಸ್ಥಾನ ಬದಲಿಸುತ್ತದೆ. ಒತ್ತಿನಿಂದ ಪದಭೇದ ಮಾಡದ ಕನ್ನಡದ ಮಕ್ಕಳಿಗೆ ಇದನ್ನು ಚಪ್ಪಾಳೆ ತಟ್ಟಿಸಿ ಅಭ್ಯಾಸ ಮಾಡಿಸಬೇಕು.

ಮಿಸ್‌ಅಂಡರ್‌ಎಸ್ಟಿಮೇಟ್. ಈ ಪದವನ್ನು 2000ದ ನವೆಂಬರ್‌ನಲ್ಲಿ ಸ್ವತಃ ಬುಷ್ ಅವರೇ ಭಾಷಣದಲ್ಲಿ ಆಡಿದರು. ಎಸ್ಟಿಮೇಟ್ ಎಂದರೆ ಅಂದಾಜು. ಅಂಡರ್ ಸೇರಿದರೆ ಇರುವುದಕ್ಕಿಂತ ಕಡಿಮೆ ಅಂದಾಜು. ಅದರ ಹಿಂದೆ ತಪ್ಪು ಎಂಬ ಅರ್ಥದ ಮಿಸ್. ಕಡಿಮೆ ಅಂದಾಜು ತಾನೇ ತಪ್ಪಾಗಿರುವಾಗ ಎರಡನೆಯ ಉಪಸರ್ಗದ ಅಗತ್ಯವೇನೆಂದು ಮಕ್ಕಳು ಚರ್ಚಿಸಲಿ. ಮಿಸ್‌ಟೇಕ್, ಮಿಸ್‌ಲೀಡ್, ಮಿಸ್‌ಅಂಡರ್‌ಸ್ಟ್ಯಾಂಡ್ ಪದಗಳನ್ನು ಇದರೊಡನೆ ಕಲಿಸಬಹುದು.

ಕೊನೆಯಲ್ಲಿ ಹಲಗೆಯ ಮೇಲೆ ಮೂರು ಅಂಕಣಗಳನ್ನು ಎಳೆದು, ‘ನಾಯಕರು ಆಡಿದುದು’, ‘ಹಾಸ್ಯಗಾರನು ಹಿಗ್ಗಿಸಿದುದು’, ‘ಹಾಸ್ಯಗಾರನು ಸೃಷ್ಟಿಸಿದುದು’ ಎಂದು ಶೀರ್ಷಿಕೆ ಕೊಟ್ಟು ಪದಗಳನ್ನು ಹಂಚಿಸಬೇಕು. ‘ಸ್ಟ್ರಟೀಜರಿ’ ಬುಷ್ ಅವರದೇ ಮಾತೆಂದು ಇಂದಿಗೂ ನಂಬಿರುವವರು ಅನೇಕರಿದ್ದಾರೆ. ಕೇಳಿದ ಮಾತು ಯಾರದೆಂದು ವಿಚಾರಿಸುವ ಅಭ್ಯಾಸವು ಭಾವೀ ಮತದಾರರಿಗೆ ಅವಶ್ಯಕ.

ಮಕ್ಕಳ ಪೂರ್ವಾನುಭವ

ವಿಡಂಬನೆಯು ಗಡಿನಾಡಿನ ಮಕ್ಕಳಿಗೆ ಹೊಸತಲ್ಲ. ಕಾಸರಗೋಡಿನ ಮಕ್ಕಳು ಯಕ್ಷಗಾನದ ಹಾಸ್ಯಗಾರನನ್ನೂ ತಾಳಮದ್ದಳೆಯ ವಾದ ಪ್ರತಿವಾದವನ್ನೂ ಬಲ್ಲರು. ಸೊಲ್ಲಾಪುರ, ಜತ್ತದ ಕಡೆ ಮರಾಠಿ ತಮಾಶಾದ ಸೋಂಗಾಡ್ಯನಿದ್ದಾನೆ. ಆಂಧ್ರದ ಬುರ್ರಕಥೆಯಲ್ಲಿ ಕಥೆಗಾರನ ಇಬ್ಬರು ಸಹಚರರಲ್ಲಿ ಒಬ್ಬನು ಹಾಸ್ಯಕ್ಕೂ ಮತ್ತೊಬ್ಬನು ಸಮಕಾಲೀನ ರಾಜಕೀಯದ ಟೀಕೆಗೂ ಮೀಸಲು. ಪಾಠವನ್ನು ಆಯಾ ಊರಿನ ಕಲೆಯಿಂದ ಆರಂಭಿಸಿದರೆ ದೂರದ ಪ್ರಸಂಗವು ಹತ್ತಿರವಾಗುತ್ತದೆ.

ಗಮನಿಸಬೇಕಾದ ಅಂಶಗಳು

1. ಮೂರು ಪದಗಳು ಮತ್ತು ಅವುಗಳ ಕಥೆಯೇ ಪಾಠಕ್ಕೆ ಸಾಕು, ದೃಶ್ಯಸಾಧನ ಅನಿವಾರ್ಯವಲ್ಲ.
2. ಎರಡೂ ಪಕ್ಷಗಳ ಅಭ್ಯರ್ಥಿಗಳನ್ನು ಸಮನಾಗಿ ಪರಿಚಯಿಸಬೇಕು. ಪರದೇಶದ, ಮುಗಿದುಹೋದ ಚುನಾವಣೆಯನ್ನು ಆರಿಸಿರುವುದು ಉದ್ದೇಶಪೂರ್ವಕ. ಆ ಸ್ಥಾನದಲ್ಲಿ ಸ್ಥಳೀಯ ನಾಯಕರನ್ನು ತರುವುದು, ವಿಶೇಷವಾಗಿ ಚುನಾವಣೆಯ ಕಾಲದಲ್ಲಿ, ಶಿಕ್ಷಕ ಧರ್ಮಕ್ಕೆ ಹೊಂದುವುದಿಲ್ಲ.
3. ನಗೆಯು ಹಲಗೆಯ ಮೇಲಿನ ಪದಕ್ಕೆ ಮೀಸಲು. ಸಹಪಾಠಿಯ ಉಚ್ಚಾರಣೆಯನ್ನು ನೋಡಿ ನಗುವುದಕ್ಕೆ ಅವಕಾಶ ಕೊಡಬಾರದು.

ಮೂರನೆಯ ಅಂಶವು ಈ ಪಾಠದ ಜೀವಾಳ. ‘ಗೋ’ ಎಂಬುದರ ಭೂತಕಾಲವನ್ನು ‘ಗೋಡ್’ ಎನ್ನುವ ಮಗುವೂ, ‘ಸ್ಟ್ರಟೀಜರಿ’ ಬರೆದ ಲೇಖಕನೂ ಮಾಡಿದ ಕೆಲಸ ಒಂದೇ: ಬಲ್ಲ ನಿಯಮವನ್ನು ಸಲ್ಲದ ಕಡೆ ಅನ್ವಯಿಸುವುದು. ಒಬ್ಬನು ಬೇಕೆಂದು ಮಾಡಿದನು, ಇನ್ನೊಬ್ಬನು ಅರಿಯದೆ ಮಾಡಿದನು. ಮಗುವಿನ ತಪ್ಪು ಅಜ್ಞಾನದ ಗುರುತಲ್ಲ; ನಿಯಮವೊಂದು ಮನಸ್ಸಿನಲ್ಲಿ ನೆಲೆಗೊಂಡಿದೆ ಎಂಬುದರ ಸಾಕ್ಷಿ. ನಗೆಗೆ ಗುರಿಯಾದವರ ನಡತೆಯೂ ಇಲ್ಲಿ ಉಲ್ಲೇಖಾರ್ಹ. ಗೋರ್ ಅವರ ಸಹಾಯಕರು ಮುಂದಿನ ಚರ್ಚೆಗೆ ಮುನ್ನ ಆ ಪ್ರಹಸನವನ್ನು ಅವರಿಗೆ ತೋರಿಸಿದರು. ಬುಷ್ ಅವರ ಸಿಬ್ಬಂದಿಯು ‘ಸ್ಟ್ರಟೀಜರಿ’ಯನ್ನು ತಮ್ಮ ಯೋಜನಾ ಸಭೆಗಳಿಗೆ ವಿನೋದದ ಹೆಸರಾಗಿ ಬಳಸಿಕೊಂಡಿತು.

ಮೌಲ್ಯಮಾಪನ

1. ‘ಸ್ಟ್ರಟೀಜರಿ’ ಏಕೆ ನಗೆ ತರುತ್ತದೆ? ಎರಡು ವಾಕ್ಯಗಳಲ್ಲಿ ವಿವರಿಸಿ.
2. ‘ಉಪಾಯತನ’ದಂತಹ ಎರಡು ಕನ್ನಡ ಪದಗಳನ್ನು ಸೃಷ್ಟಿಸಿ, ಅವು ಸಲ್ಲದ ಕಾರಣವನ್ನು ತಿಳಿಸಿ.
3. ಆಧಾರಪದಗಳಲ್ಲಿ ನಾಲ್ಕನ್ನು ಸ್ವಂತ ಇಂಗ್ಲಿಷ್ ವಾಕ್ಯಗಳಲ್ಲಿ ಬಳಸಿ.

ಮೊದಲಿನ ಎರಡು ಪ್ರಶ್ನೆಗಳಿಗೆ ಉತ್ತರವು ಕನ್ನಡದಲ್ಲಿಯೇ ಇರಲಿ. ಕಾರಣವನ್ನು ತನ್ನ ಕಲಿಕೆಯ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳಬಲ್ಲ ವಿದ್ಯಾರ್ಥಿಗೆ ಇಂಗ್ಲಿಷ್ ಪದದ ರಚನೆಯು ಸ್ಪಷ್ಟವಾಗಿದೆ ಎಂದೇ ತಿಳಿಯಬೇಕು. ಮೂರನೆಯ ಪ್ರಶ್ನೆಯಲ್ಲಿ ವಾಕ್ಯದೋಷಗಳಿಗೆ ಅಂಕ ಕಳೆಯದೆ, ಯಾವ ನಿಯಮವು ಎಲ್ಲಿ ಅತಿಯಾಗಿ ಅನ್ವಯವಾಗಿದೆ ಎಂಬುದನ್ನು ಉತ್ತರಪತ್ರಿಕೆಯ ಅಂಚಿನಲ್ಲಿ ಬರೆದು ತಿಳಿಸತಕ್ಕದ್ದು.